ಡಾಲ್ಫಿನ್ ಕೈಗೆ ಬಂದೂಕು ಕೊಟ್ಟವರು ಯಾರು?

ಒಶಾವಾದಿಂದ ಮಾತಾಡ್ತಾ ಇದ್ದೀನಿ. ಹೊರಗೆ ಸರೋವರದ ಕಡೆಯಿಂದ ಗಾಳಿ ಜೋರಾಗಿದೆ, ಮೈಕಿನಲ್ಲಿ ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ಹೋದ ತಿಂಗಳು ಸ್ನೇಹಿತೆಯ ಮನೆಗೆ ಊಟಕ್ಕೆ ಹೋಗಿದ್ದೆ. ಮಗಳನ್ನು ನೋಡಲು ಶಿವಮೊಗ್ಗದಿಂದ ಬಂದಿದ್ದ ಅವಳ ತಂದೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. "ಏನಮ್ಮಾ, ನೀನು ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವಳು. ಡಾಲ್ಫಿನ್‌ಗಳ ತಲೆಗೆ ಬಂದೂಕು ಕಟ್ಟಿ ಯುದ್ಧಕ್ಕೆ ಬಿಡ್ತಾರಂತೆ, ನಿಜವಾ?" ಅಂದರು. "ಅರ್ಧ ನಿಜ ಅಂಕಲ್" ಅಂದೆ. ಆ ಅರ್ಧ ಯಾವುದು ಅಂತ ಬಿಡಿಸಿ ಹೇಳುವಷ್ಟರಲ್ಲಿ ಸಾರು ಆರಿಹೋಯಿತು. ಇವತ್ತಿನ ಸಂಚಿಕೆ ಅದರ ಮುಂದುವರಿಕೆ.

ಯುದ್ಧಕ್ಕೆ ಕರೆದೊಯ್ದದ್ದು ನಿಜ. ಅಮೆರಿಕದ ನೌಕಾಪಡೆ 1960ರಲ್ಲಿ ನಾಟಿ ಎಂಬ ಡಾಲ್ಫಿನ್ ತಂದದ್ದು ಮಾತ್ರ ಬೇರೆ ಕಾರಣಕ್ಕೆ. ಅದು ಅಷ್ಟು ಸಲೀಸಾಗಿ ಹೇಗೆ ಈಜುತ್ತದೆ ಅಂತ ತಿಳಿದರೆ ಟಾರ್ಪಿಡೊಗಳ ಆಕಾರವನ್ನು ಸುಧಾರಿಸಬಹುದು ಅನ್ನೋ ಆಸೆ. 1965ರಲ್ಲಿ ಟಫಿ ಎಂಬ ಇನ್ನೊಂದು ಡಾಲ್ಫಿನ್, ಕ್ಯಾಲಿಫೋರ್ನಿಯಾದ ಲಾ ಹೋಯಾ ಬಳಿ ಸಮುದ್ರದ ತಳದಲ್ಲಿ ವಾಸವಿದ್ದ ಮುಳುಗುಗಾರರಿಗೆ ಅಂಚೆ, ಉಪಕರಣ ಒಯ್ದು ಕೊಡುತ್ತಿತ್ತು. ಪೋಸ್ಟ್‌ಮ್ಯಾನ್ ಕೆಲಸ! ಆಮೇಲೆ 1970–71ರಲ್ಲಿ ವಿಯೆಟ್ನಾಮಿನ ಕ್ಯಾಮ್ ರಾನ್ ಕೊಲ್ಲಿಯಲ್ಲಿ ಕಾವಲು, 2003ರಲ್ಲಿ ಇರಾಕಿನ ಉಮ್ ಕಸ್ರ್ ಬಂದರಿನಲ್ಲಿ ಸಿಡಿಮದ್ದಿನ ಹುಡುಕಾಟ. ಸೋವಿಯತ್ ಒಕ್ಕೂಟವೂ ಸುಮ್ಮನಿರಲಿಲ್ಲ. ಕಪ್ಪು ಸಮುದ್ರದ ಸೆವಾಸ್ಟೊಪೋಲ್‌ನಲ್ಲಿ ಅವರದೇ ಕೇಂದ್ರ ಇತ್ತು. 2022ರಲ್ಲಿ ಅದೇ ಬಂದರಿನ ಬಾಯಲ್ಲಿ ಡಾಲ್ಫಿನ್ ಕಟ್ಟೆಗಳು ಉಪಗ್ರಹ ಚಿತ್ರಗಳಲ್ಲಿ ಕಂಡವು.

ಇಷ್ಟು ಯಂತ್ರಗಳಿರುವಾಗ ಡಾಲ್ಫಿನ್ ಯಾಕೆ ಬೇಕು? ನಮ್ಮಲ್ಲಿ ಹಲಸಿನ ಹಣ್ಣನ್ನು ತಟ್ಟಿ ನೋಡ್ತಾರಲ್ಲ, ಒಳಗೆ ಮಾಗಿದೆಯೋ ಇಲ್ಲವೋ ಅಂತ ಶಬ್ದದಲ್ಲೇ ಹೇಳ್ತಾರೆ. ಡಾಲ್ಫಿನ್ ಮಾಡೋದೂ ಅದನ್ನೇ, ಆದರೆ ದೂರದಿಂದ. ಮೂಗಿನ ನಾಳದ ಒಳಗೆ ಚಿಟಿಕೆಯಂಥ ಸದ್ದು ಹುಟ್ಟಿಸಿ, ಹಣೆಯ ಕೊಬ್ಬಿನ ಗಡ್ಡೆಯ ಮೂಲಕ ಅದನ್ನು ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಬಿಡುತ್ತದೆ. ಮರುದನಿ ಕೆಳದವಡೆಯ ಕೊಬ್ಬಿನ ಮೂಲಕ ಕಿವಿಗೆ ತಲುಪುತ್ತದೆ. ನಮಗೆ ಕೇಳಿಸುವ ಮಿತಿ 20 ಕಿಲೋಹರ್ಟ್ಸ್. ಇದು 120 ಕಿಲೋಹರ್ಟ್ಸ್‌ವರೆಗೂ ಕೂಗಬಲ್ಲದು. ನೋಡೋಕೆ ಒಂದೇ ಥರ ಇರುವ ಎರಡು ಲೋಹದ ಕೊಳವೆಗಳ ಗೋಡೆಯ ದಪ್ಪದಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ ಇದ್ದರೂ ಪ್ರಯೋಗಗಳಲ್ಲಿ ಅದು ಹಿಡಿದಿದೆ. ಮರಳಿನಲ್ಲಿ ಹೂತ ಮೈನ್ ಮತ್ತು ಪಕ್ಕದ ಬಂಡೆ ಅದಕ್ಕೆ ಬೇರೆ ಬೇರೆಯಾಗಿ "ಕೇಳಿಸುತ್ತವೆ".

2013ರಲ್ಲಿ ಸ್ಯಾನ್ ಡಿಯೇಗೊ ಪಕ್ಕದ ಕೊರೊನಾಡೊ ಕಡಲಲ್ಲಿ ತರಬೇತಿ ನಡೆಯುತ್ತಿತ್ತು. ತರಬೇತಿದಾರರು ಏನೂ ಇಡದ ಜಾಗದಲ್ಲಿ ಒಂದು ಡಾಲ್ಫಿನ್ "ಇಲ್ಲಿ ಏನೋ ಇದೆ" ಅಂತ ಸೂಚಿಸಿತು. ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೊಂದು ಡಾಲ್ಫಿನ್ ಕೂಡ ಅದನ್ನೇ ಹೇಳಿದ ಮೇಲೆ ಇಳಿದು ನೋಡಿದರೆ, ಹತ್ತೊಂಬತ್ತನೇ ಶತಮಾನದ ಹಿತ್ತಾಳೆಯ ಹಾವೆಲ್ ಟಾರ್ಪಿಡೊ! ಅಂಥವನ್ನು ತಯಾರಿಸಿದ್ದೇ ಸುಮಾರು 50.

ಕೆಲಸದ ರೀತಿ ಮಾತ್ರ ತೀರಾ ಸಪ್ಪೆ. ಹುಡುಕಿ ಬರುತ್ತದೆ, ದೋಣಿಯ ಒಂದು ಹಲಗೆ ಮುಟ್ಟಿದರೆ "ಇದೆ", ಇನ್ನೊಂದು ಮುಟ್ಟಿದರೆ "ಇಲ್ಲ". ಇದೆ ಅಂದರೆ ಗುರುತಿನ ತೇಲುಬುರುಡೆ ಒಯ್ದು ಇಟ್ಟು ಬರುತ್ತದೆ. ಸಂಬಳ, ಮೀನು. ಬಾಂಬ್ ನಿಷ್ಕ್ರಿಯಗೊಳಿಸೋದು ಮನುಷ್ಯರೇ.

ಹಾಗಾದರೆ ಕೊಲ್ಲುವ ಡಾಲ್ಫಿನ್? ಅಮೆರಿಕದ ನೌಕಾಪಡೆ ಅಂಥ ತರಬೇತಿಯನ್ನು ಯಾವತ್ತೂ ಒಪ್ಪಿಕೊಂಡಿಲ್ಲ. ಸೇನೆಯ ಮಾತನ್ನು ಹಾಗೇ ನಂಬಿ ಅಂತ ನಾನು ಹೇಳಲ್ಲ. ಆದರೆ ಇಲ್ಲಿ ಅವರು ಕೊಡುವ ಕಾರಣ ಜೀವಶಾಸ್ತ್ರಕ್ಕೆ ಸರಿಹೊಂದುತ್ತದೆ: ಈಜುವವನು ನಮ್ಮವನೋ ಶತ್ರುವೋ ಅಂತ ಡಾಲ್ಫಿನ್‌ಗೆ ಗೊತ್ತಾಗೋದಿಲ್ಲ. ಅದಕ್ಕೆ ಎಲ್ಲರೂ ಮೀನು ಕೊಡಬಹುದಾದವರೇ. ಅಂಥ ಪ್ರಾಣಿಗೆ ಆಯುಧ ಕಟ್ಟಿದರೆ ಮೊದಲು ಅಪಾಯ ಕಟ್ಟಿದವನಿಗೇ.

ಆದರೂ ಕಥೆ ನಿಲ್ಲೋದಿಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತದ ನಂತರ, ವಿಷದ ಬಾಣ ಹೊತ್ತ 36 ಡಾಲ್ಫಿನ್‌ಗಳು ತಪ್ಪಿಸಿಕೊಂಡಿವೆ ಅಂತ ಲಂಡನ್ನಿನ ಪತ್ರಿಕೆ ಬರೆಯಿತು. ನಿಜವಾಗಿ ಕೊಚ್ಚಿಹೋಗಿದ್ದದ್ದು ಮಿಸಿಸಿಪಿಯ ಗಲ್ಫ್‌ಪೋರ್ಟ್‌ನ ಪ್ರದರ್ಶನ ಕೊಳದ ಎಂಟು ಡಾಲ್ಫಿನ್‌ಗಳು. ಆಯುಧ ಇರಲಿ, ತಾವೇ ಹಿಡಿದು ತಿನ್ನುವ ಅಭ್ಯಾಸವೂ ತಪ್ಪಿದ್ದ ಜೀವಗಳು. ಎಂಟನ್ನೂ ಉಳಿಸಿದರು.

2019ರ ಏಪ್ರಿಲ್‌ನಲ್ಲಿ ನಾರ್ವೆಯ ಮೀನುಗಾರರ ಬಳಿಗೆ ಒಂದು ಬಿಳಿ ಬೆಲುಗಾ ತಿಮಿಂಗಿಲ ಬಂತು. ಮೈಗೆ ಪಟ್ಟಿ, ಅದರಲ್ಲಿ ಕ್ಯಾಮೆರಾ ಕೂರಿಸುವ ಜಾಗ, ಸೇಂಟ್ ಪೀಟರ್ಸ್‌ಬರ್ಗ್ ಹೆಸರು. ಜಗತ್ತು ಅದನ್ನು "ರಷ್ಯಾದ ಗೂಢಚಾರ" ಅಂತ ಕರೆದು ಹ್ವಾಲ್ದಿಮಿರ್ ಎಂದು ಹೆಸರಿಟ್ಟಿತು. ರಷ್ಯಾದಲ್ಲಿ ಬೆಲುಗಾಗಳ ಅಧ್ಯಯನ ಮಾಡಿದ್ದ ಓಲ್ಗಾ ಷ್ಪಾಕ್ 2024ರಲ್ಲಿ ಹೇಳಿದ ಪ್ರಕಾರ, ಅದು ಗೂಢಚಾರ ಅಲ್ಲ, ನೌಕಾನೆಲೆಯ ಕಾವಲಿಗೆ ತರಬೇತಿ ಪಡೆದದ್ದು. ಪಟ್ಟಿ ಬಿಚ್ಚಿದರೂ ಅಭ್ಯಾಸ ಬಿಚ್ಚಲಾಗಲಿಲ್ಲ. ಐದು ವರ್ಷ ದೋಣಿಗಳ ಹಿಂದೆಯೇ ಸುತ್ತಿತು. 2024ರ ಆಗಸ್ಟ್ 31ರಂದು ಸತ್ತಾಗ ಗುಂಡಿಟ್ಟು ಕೊಂದರು ಅಂತ ಮತ್ತೆ ಸುದ್ದಿ. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಸಿಗಲಿಲ್ಲ, ಬಾಯಲ್ಲಿ ಸಿಕ್ಕಿಕೊಂಡಿದ್ದ ಸುಮಾರು 35 ಸೆಂಟಿಮೀಟರ್ ಉದ್ದದ ಕೋಲು ಸಿಕ್ಕಿತು.

ಇದೆಲ್ಲ ದೂರದ ಕಥೆ ಅನ್ನಿಸಬಹುದು. ಆದರೆ ಅಮೆರಿಕದ ನೌಕಾಪಡೆಗೆ ಬೆಲುಗಾಗಳು ಹೋದದ್ದು ನಮ್ಮ ಕೆನಡಾದಿಂದ. 1977ರಲ್ಲಿ ಮನಿಟೋಬಾದ ಚರ್ಚಿಲ್ ಬಳಿ ಹಿಡಿದ ಎಳೆಯ ಗಂಡಿಗೆ ನಾಕ್ ಎಂದು ಹೆಸರಿಟ್ಟು ಸ್ಯಾನ್ ಡಿಯೇಗೊಗೆ ಒಯ್ದರು. ತಣ್ಣನೆಯ ನೀರಿನಲ್ಲಿ ಕಳೆದುಹೋದ ಟಾರ್ಪಿಡೊ ಹುಡುಕಲು ಡಾಲ್ಫಿನ್‌ಗಿಂತ ಇವು ವಾಸಿ ಅಂತ. ಇಂದಿನ ಕೆನಡಾದಲ್ಲಿ ಇದು ಸುಲಭವಲ್ಲ. 2019ರ ಕಾಯಿದೆ ಹೊಸದಾಗಿ ತಿಮಿಂಗಿಲ, ಡಾಲ್ಫಿನ್ ಹಿಡಿದು ಸಾಕೋದನ್ನು ನಿಷೇಧಿಸಿದೆ.

1984ರ ಸುಮಾರಿಗೆ ಒಬ್ಬ ಮುಳುಗುಗಾರ ನಾಕ್ ಇದ್ದ ಕೊಳದಿಂದ ಮೇಲೆ ಬಂದು, "ನನಗೆ ಹೊರಗೆ ಬಾ ಅಂದವರು ಯಾರು?" ಅಂತ ಕೇಳಿದ. ಯಾರೂ ಅಂದಿರಲಿಲ್ಲ. ಕೂಗಿದ್ದು ನಾಕ್. ಸ್ಯಾಮ್ ರಿಡ್ಜ್‌ವೇ ತಂಡ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮೂಗಿನ ಚೀಲಗಳನ್ನು ಅತಿಯಾಗಿ ಉಬ್ಬಿಸಿ, ತನ್ನ ಜಾತಿಯ ದನಿಗಿಂತ ಎಷ್ಟೋ ಕೆಳಗಿನ ಸ್ಥಾಯಿಯಲ್ಲಿ ಅದು ಮನುಷ್ಯರ ಮಾತಿನ ಲಯವನ್ನು ಅನುಕರಿಸುತ್ತಿತ್ತು. ಅದಕ್ಕೆ ಆ ಪದದ ಅರ್ಥ ಗೊತ್ತಿರಲಿಲ್ಲ. ಶುರುವಿನಲ್ಲಿ ಯಾರೂ ಕಲಿಸಿರಲೂ ಇಲ್ಲ, ಮೀನೂ ಕೊಟ್ಟಿರಲಿಲ್ಲ.

ಆ ಧ್ವನಿಮುದ್ರಣ ಅಂತರ್ಜಾಲದಲ್ಲಿ ಸಿಗುತ್ತದೆ. ಅಂಕಲ್‌ಗೆ ಕಳಿಸಿದ್ದೀನಿ. ಈ ಸಲ ಅವರು ಅದನ್ನು ಯಾರಿಗೆ ಫಾರ್ವರ್ಡ್ ಮಾಡ್ತಾರೋ ನೋಡೋಣ.