ಇದ್ದಿಲಿನಲ್ಲಿ ಅಡಗಿದ ವಿದ್ಯೆ

ಒಲೆಯ ಇದ್ದಿಲು, ಪಾತ್ರೆಯ ತಳದ ಮಸಿ, ಮಕ್ಕಳ ಪೆನ್ಸಿಲಿನ ಕಡ್ಡಿ, ಉಂಗುರದ ವಜ್ರ. ಈ ನಾಲ್ಕರ ಮೂಲವಸ್ತು ಒಂದೇ ಎಂದರೆ ನಂಬುತ್ತೀರಾ? ಅದೇ ಇಂಗಾಲ. ಅದರ ಪರಮಾಣುಗಳು ಒಂದಕ್ಕೊಂದು ಸೇರುವ ರೀತಿ ಬೇರೆಯಾದ್ದರಿಂದ ಒಂದು ಕೈಗೆ ಮಸಿ ಹತ್ತಿಸುತ್ತದೆ, ಇನ್ನೊಂದು ಗಾಜನ್ನೇ ಕೊಯ್ಯುತ್ತದೆ.

ಈ ಮಾತು ಬರೆಯಲು ಕಾರಣವಿದೆ. ಹತ್ತನೇ ತರಗತಿ ಮುಗಿಸಿದ ಮಗನೊಂದಿಗೆ ಜವಳಗಿರಿಯ ತಂದೆಯೊಬ್ಬರು ಗುರುಮನೆಗೆ ಬಂದಿದ್ದರು. ಹುಡುಗನಿಗೆ ಪ್ಲಸ್ ಒನ್‌ನಲ್ಲಿ ಸೈನ್ಸ್ ಗ್ರೂಪ್ ಬೇಕು. ತಂದೆಗೆ ಭಯ. “ಕನ್ನಡ ಶಾಲೆಯಲ್ಲಿ ಓದಿದವನಿಗೆ ಸೈನ್ಸ್ ಹತ್ತುತ್ತದೆಯೇ ಸ್ವಾಮಿ? ಹೊಸೂರಿನ ಫ್ಯಾಕ್ಟರಿಗೆ ಸೇರಿಸಿದರೆ ಸಂಬಳವಾದರೂ ಬರುತ್ತದೆ” ಎಂದರು. ಆಗ ನಾವು ಅವರಿಗೆ ಸಿ.ಎನ್.ಆರ್. ರಾವ್ ಅವರ ಕಥೆ ಹೇಳಿದೆವು.

ರಾವ್ ಹುಟ್ಟಿದ್ದು 1934ರ ಜೂನ್ 30ರಂದು, ಬೆಂಗಳೂರಿನಲ್ಲಿ. ಬಾಲ್ಯದಲ್ಲಿ ತಾಯಿ ನಾಗಮ್ಮನವರೇ ಮನೆಯಲ್ಲಿ ಪಾಠ ಹೇಳಿದರು. ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದ ತಂದೆ ಮಗನನ್ನು ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮಕ್ಕೆ ಸೇರಿಸಿ, ಮನೆಯಲ್ಲಿ ಇಂಗ್ಲಿಷ್ ಮಾತನಾಡಿಸಿದರು. ಆ ಹುಡುಗ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1958ರಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷವೇ ಬೆಂಗಳೂರಿಗೆ ಹಿಂದಿರುಗಿದರು. 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದರು. 2014ರಲ್ಲಿ ಭಾರತ ರತ್ನ ಸ್ವೀಕರಿಸಿದರು.

ಅವರ ಸಂಶೋಧನೆಯ ಒಂದು ದೊಡ್ಡ ಭಾಗ ಇದೇ ಇಂಗಾಲದ ಮೇಲೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಗಾಲದ ಅತಿ ಸೂಕ್ಷ್ಮ ಕೊಳವೆಗಳನ್ನು ಜಗತ್ತಿಗೆ ಪರಿಚಯಿಸಿದರು. ಇವೇ ನ್ಯಾನೋ ಕೊಳವೆಗಳು. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್! ಕಬ್ಬಿಣ, ನಿಕ್ಕಲ್‌ನಂತಹ ಲೋಹವಿರುವ ಇಂಗಾಲದ ಸಂಯುಕ್ತಗಳ ಆವಿಯನ್ನು ಕುಲುಮೆಯಲ್ಲಿ ಕಾಯಿಸಿದಾಗ, ಲೋಹದ ಕಣದ ಆಸರೆಯಲ್ಲಿ ಇಂಗಾಲ ಕೊಳವೆಯಾಗಿ ಬೆಳೆಯುತ್ತದೆ. ಈ ವಿಧಾನದಿಂದ ರಾವ್ ಮತ್ತು ಸಂಗಡಿಗರು 2000ದಲ್ಲಿ ಕವಣೆಯ ಕವಲಿನಂತೆ ಕವಲೊಡೆದ ಕೊಳವೆಗಳನ್ನು ತಯಾರಿಸಿ ತೋರಿಸಿದರು. ಮುಂದೆ, ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆ, ಅಂದರೆ ಗ್ರಾಫೀನ್, ಕುರಿತೂ ದುಡಿದರು. ವಜ್ರದ ಸೂಕ್ಷ್ಮ ಪುಡಿಯನ್ನು ಬಲವಾಗಿ ಕಾಯಿಸಿಯೂ ಅದನ್ನು ಪಡೆದರು.

“ಇದರಿಂದ ನಮಗೇನು ಸ್ವಾಮಿ?” ಎಂದು ಆ ತಂದೆ ಕೇಳಿದರು. ನಮ್ಮ ಹೊಸೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತಯಾರಾಗುತ್ತದಲ್ಲವೇ? ಅಂತಹ ಲಿಥಿಯಂ ಬ್ಯಾಟರಿಗಳ ಒಳಗಿರುವುದು ಪೆನ್ಸಿಲಿನ ಗ್ರಾಫೈಟೇ. ಕೆಲವದರಲ್ಲಿ ವಿದ್ಯುತ್ ಸರಾಗವಾಗಿ ಹರಿಯಲೆಂದು ನ್ಯಾನೋ ಕೊಳವೆಗಳನ್ನೂ ಬೆರೆಸುತ್ತಾರೆ. ಫ್ಯಾಕ್ಟರಿಯಲ್ಲಿ ಸ್ಕ್ರೂ ತಿರುಗಿಸುವ ಕೈಗಳೂ ಬೇಕು, ಆ ಬ್ಯಾಟರಿಯ ಗುಟ್ಟು ಅರಿತ ತಲೆಗಳೂ ಬೇಕು. ಎರಡನೆಯವರು ನಮ್ಮ ಮಕ್ಕಳೇಕೆ ಆಗಬಾರದು?

ರಾವ್ ಅವರ ಮನೆಯಲ್ಲಿದ್ದ ಅನುಕೂಲ ನಮ್ಮ ಎಲ್ಲ ಮನೆಗಳಲ್ಲಿ ಇಲ್ಲ, ನಿಜ. ಹೊಲದಿಂದ ದಣಿದು ಬರುವ ತಾಯಿ ಪಾಠ ಹೇಳಲಾರಳು. ಆದರೆ ಮಗು ಓದುವಾಗ ಟಿ.ವಿ. ಆರಿಸಬಹುದು, ಪಕ್ಕದಲ್ಲಿ ಕುಳಿತು “ಇವತ್ತು ಏನು ಕಲಿತೆ?” ಎಂದು ಕನ್ನಡದಲ್ಲೇ ಕೇಳಬಹುದು. ಕಾಲೇಜು ಓದಿದ ಯುವಜನರು ಚಿಕ್ಕವರಿಗೆ ವಾರಕ್ಕೆರಡು ಸಂಜೆ ಇಂಗ್ಲಿಷ್, ಗಣಿತ ಹೇಳಿಕೊಡಬಹುದು. ಅದಕ್ಕೆ ಗುರುಮನೆಯ ಜಗಲಿ ಸದಾ ತೆರೆದಿದೆ.

ಆ ಹುಡುಗ ಸೈನ್ಸ್ ಗ್ರೂಪಿಗೇ ಸೇರಿದ್ದಾನೆ. ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವು. ಆದರೂ ತಂದೆ ಅವನನ್ನು ಬಿಡಿಸಲಿಲ್ಲ. ಅವರ ಆ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ.