ತಿರುವಿನ ಲೆಕ್ಕ

ಘಟ್ಟದ ರಸ್ತೆಯಲ್ಲಿ ಬಸ್ಸು ತಿರುಗಿದಾಗ ನಿಂತ ಪ್ರಯಾಣಿಕರು ಹೊರಬದಿಗೆ ವಾಲುತ್ತಾರೆ, ಸೀಟಿನ ಮೇಲಿಟ್ಟ ಚೀಲ ಜಾರುತ್ತದೆ. ಯಾರೂ ದೂಡಿದ್ದಲ್ಲ, ನೇರವಾಗಿಯೇ ಸಾಗುವ ಜಡತ್ವದ ಗುಣ ಅದು. ಹಾಗಾದರೆ ಬಸ್ಸನ್ನು ತಿರುವಿನ ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲ ಎಲ್ಲಿಂದ ಬರುತ್ತದೆ? ಒಂದಷ್ಟು ಟೈರು-ರಸ್ತೆಗಳ ನಡುವಿನ ಘರ್ಷಣೆಯಿಂದ, ಇನ್ನೊಂದಷ್ಟು ರಸ್ತೆಯ ಓರೆಯಿಂದ.

ಗಮನಿಸಿ ನೋಡಿದರೆ ಹೆದ್ದಾರಿಯ ತಿರುವಿನಲ್ಲಿ ಹೊರ ಅಂಚು ಒಳ ಅಂಚಿಗಿಂತ ಎತ್ತರದಲ್ಲಿರುತ್ತದೆ. ಎಂಜಿನಿಯರುಗಳು ಇದನ್ನು ಸೂಪರ್ ಎಲಿವೇಷನ್ ಎನ್ನುತ್ತಾರೆ. ಸೈಕಲ್ ಸವಾರ ತಿರುಗುವಾಗ ಒಳಕ್ಕೆ ಬಾಗುವುದಿಲ್ಲವೆ? ಅದೇ ಉಪಾಯ. 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಬಯಲುಸೀಮೆಯಲ್ಲಿ ಈ ಓರೆ ಶೇ 7ನ್ನು ಮೀರುವಂತಿಲ್ಲ. ಅಂದರೆ 7 ಮೀಟರ್ ಅಗಲದ ರಸ್ತೆಯಲ್ಲಿ ಹೊರ ಅಂಚು ಹೆಚ್ಚೆಂದರೆ 49 ಸೆಂಟಿಮೀಟರ್ ಮೇಲೇಳಬಹುದು. ಹಿಮ ಬೀಳದ ಗುಡ್ಡಗಾಡಿನಲ್ಲಿ ಶೇ 10ರವರೆಗೆ ಅವಕಾಶವುಂಟು.

ಇನ್ನೂ ಎತ್ತರಿಸಿದರೇನು? ನಮ್ಮ ರಸ್ತೆಯಲ್ಲಿ ಕಾರುಗಳಷ್ಟೇ ಓಡುವುದಿಲ್ಲ. ನಿಧಾನವಾಗಿ ಸಾಗುವ ಎತ್ತಿನ ಗಾಡಿ, ಎತ್ತರಕ್ಕೆ ಹುಲ್ಲು ಹೇರಿದ ಲಾರಿ ಆ ಓರೆಯಲ್ಲಿ ಒಳಬದಿಗೆ ಉರುಳಿಬಿಡಬಹುದು. ಆದ್ದರಿಂದ ಎಂಜಿನಿಯರು ಪೂರ್ಣ ವೇಗಕ್ಕಲ್ಲದೆ ಅದರ ಮುಕ್ಕಾಲು ಪಾಲಿಗೆ ಬೇಕಾದಷ್ಟೇ ಓರೆ ಕೊಟ್ಟು, ಉಳಿದುದನ್ನು ಘರ್ಷಣೆಗೆ ಬಿಡುತ್ತಾನೆ. ಇದೊಂದು ಜಾಣ ರಾಜಿ.

ಮಗನಿಗೆ ಬೈಕ್ ಕೊಡಿಸಿದ ತಂದೆತಾಯಿಗಳು ಅವನ ಜೊತೆ ಕುಳಿತು ಒಂದು ಲೆಕ್ಕ ಮಾಡಿ ನೋಡಬಹುದು. ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ವೇಗದ ವರ್ಗವನ್ನು, ತಿರುವಿನ ತ್ರಿಜ್ಯದ (ಮೀಟರುಗಳಲ್ಲಿ) 127 ಪಟ್ಟಿನಿಂದ ಭಾಗಿಸಬೇಕು. ಬಂದ ಉತ್ತರದಷ್ಟನ್ನು ಓರೆ ಮತ್ತು ಘರ್ಷಣೆ ಸೇರಿ ಒದಗಿಸಬೇಕು. ಘಟ್ಟದಲ್ಲಿ 50 ಮೀಟರ್ ತ್ರಿಜ್ಯದ ತಿರುವು, ವೇಗ 40: ಉತ್ತರ 0.25. ಓರೆಯಿಂದ 0.10 ದೊರೆತರೆ ಘರ್ಷಣೆಯಿಂದ 0.15 ಸಾಕು; ವಿನ್ಯಾಸದಲ್ಲಿ ಹಿಡಿಯುವುದೂ ಅಷ್ಟನ್ನೇ. ಅದೇ ತಿರುವಿಗೆ 60ರಲ್ಲಿ ನುಗ್ಗಿದರೆ ಉತ್ತರ 0.57. ವೇಗ ಒಂದೂವರೆ ಪಟ್ಟಾಯಿತು, ಆದರೆ ಘರ್ಷಣೆಯ ಮೇಲೆ ಬಿದ್ದ ಹೊರೆ 0.15ರಿಂದ 0.47ಕ್ಕೆ, ಮೂರು ಪಟ್ಟಿಗೂ ಹೆಚ್ಚು! ಒಣ ರಸ್ತೆ, ಒಳ್ಳೆಯ ಟೈರು ಇದ್ದರೆ ಹೇಗೋ ತಾಳಿಕೊಂಡೀತು. ಮಳೆಗಾಲದಲ್ಲಿ, ಸವೆದ ಟೈರಿನಲ್ಲಿ ಅದನ್ನು ನಂಬುವಂತಿಲ್ಲ. ರಸ್ತೆಯ ಮೇಲೆ ಚೆಲ್ಲಿದ ಮರಳು, ಡೀಸೆಲ್ ಕೂಡ ಇದೇ ಕೆಲಸ ಮಾಡುತ್ತವೆ.

ಹೇರ್‌ಪಿನ್ ತಿರುವುಗಳದು ಇನ್ನೂ ಬಿಗಿಯಾದ ಲೆಕ್ಕ. ಆಗುಂಬೆ ಘಾಟಿಯಲ್ಲಿ ಇಂಥವು 14 ಇವೆ. ಗುಡ್ಡಗಾಡಿನಲ್ಲಿ ಇವನ್ನು ವಿನ್ಯಾಸ ಮಾಡುವಾಗ ಕನಿಷ್ಠ ವೇಗವೆಂದು ಹಿಡಿಯುವುದು ಗಂಟೆಗೆ 20 ಕಿಲೋಮೀಟರ್ ಮಾತ್ರ. ಒಳ ಅಂಚಿನ ತ್ರಿಜ್ಯ 14 ಮೀಟರಿನಷ್ಟು ಕಡಿಮೆ ಇರಬಹುದು.

ಬ್ರೇಕಿನ ಮಾತೂ ಇಲ್ಲಿಯೇ ಬರುತ್ತದೆ. ಬ್ರೇಕ್ ಹಾಕಿದಾಗ ವಾಹನವನ್ನು ತಡೆಯುವುದೂ ಘರ್ಷಣೆಯೇ, ತಿರುಗಿಸುವುದೂ ಅದೇ ಘರ್ಷಣೆಯೇ. ತಿರುವಿನ ನಡುವೆ ಗಾಬರಿಯಿಂದ ಬ್ರೇಕ್ ಒತ್ತಿದರೆ ಇದ್ದ ಹಿಡಿತವೆಲ್ಲ ತಡೆಯುವುದಕ್ಕೇ ಖರ್ಚಾಗಿ, ತಿರುಗಲು ಏನೂ ಉಳಿಯದೆ ಬೈಕು ಜಾರುತ್ತದೆ. ಎಚ್ಚರಿಕೆಯ ಫಲಕವನ್ನು ತಿರುವಿನ ಬಾಯಲ್ಲಿ ನೆಡದೆ ಸಾಕಷ್ಟು ಮೊದಲೇ ನೆಡುವುದು, ನೇರ ರಸ್ತೆಯಲ್ಲಿರುವಾಗಲೇ ವೇಗ ತಗ್ಗಲಿ ಎಂದು.