ಪತ್ರಿಕೆಯ ಹೆಸರಿಗೆ ಒಪ್ಪುವ ಅಕ್ಷರ

ಹಾಸನ, ಹೊಳೆನರಸೀಪುರ, ಅರಕಲಗೂಡು. ಈ ಮೂರು ಊರುಗಳ ಹೆಸರಿನಲ್ಲಿ ಒಂದೂ ಒತ್ತಕ್ಷರವಿಲ್ಲ. ಚನ್ನರಾಯಪಟ್ಟಣಕ್ಕೆ ಬಂದರೆ ಎರಡು ಒತ್ತು. ಬೋರ್ಡು ಬರೆಯುವವರು ಸಾಲಿನ ಕೆಳಗೆ ಜಾಗ ಬಿಡಲೇಬೇಕು. ಪತ್ರಿಕೆಯ ಮುಖಪುಟಕ್ಕೆ ಹೆಸರು ಬರೆಯುವವರೂ, ಅಂದರೆ ಲೋಗೊ ಮಾಡುವವರೂ, ಮೊದಲು ನೋಡಬೇಕಾದದ್ದು ಇದನ್ನೇ.

ಸುಧಾ (1965), ಮಯೂರ (1968), ತುಷಾರ, ತರಂಗ: ಮನೆಮಂದಿಯೆಲ್ಲ ಓದುವ ಈ ಪತ್ರಿಕೆಗಳ ಹೆಸರು ಒತ್ತಿಲ್ಲದವು. ಎಷ್ಟೇ ದಪ್ಪಗೆ ಬರೆದರೂ ಕೆಳಗೆ ಏನೂ ತೊಡರುವುದಿಲ್ಲ, ಮುಖಪುಟದ ಚಿತ್ರಕ್ಕೆ ಜಾಗ ಉಳಿಯುತ್ತದೆ. ಸಚ್ಚಿದಾನಂದೇಂದ್ರ ಸರಸ್ವತಿಗಳು ಕಟ್ಟಿದ ಹೊಳೆನರಸೀಪುರದ ಕಾರ್ಯಾಲಯದ ಮಾಸಪತ್ರಿಕೆ ‘ಅಧ್ಯಾತ್ಮ ಪ್ರಕಾಶ’ದ್ದು ಬೇರೆ ಲೆಕ್ಕ. ಆರು ಅಕ್ಷರಗಳಲ್ಲಿ ಮೂರಕ್ಕೆ ಒತ್ತು. ಶಾಂಕರ ವೇದಾಂತ ಓದುವವರಿಗೆ ಒತ್ತಕ್ಷರ ಹೊಸದಲ್ಲ. ಅಂಥ ಹೆಸರಿಗೆ ದಪ್ಪ-ತೆಳು ಗೆರೆಗಳ ಹಳೆಯ ಅಚ್ಚಿನ ಮಾದರಿಯೇ ಒಪ್ಪುತ್ತದೆ.

ಓದುಗರನ್ನು ನೋಡಿ ಲಿಪಿ ಆರಿಸುವ ಕೆಲಸ ಹಾಸನ ಜಿಲ್ಲೆಗೆ ಬಹಳ ಹಳೆಯದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಇಕ್ಕೆಲಗಳಲ್ಲಿ ಚಾವುಂಡರಾಯನ ಹೆಸರು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇದೆ. ತಮಿಳಿಗೆ ಗ್ರಂಥ ಮತ್ತು ವಟ್ಟೆಳುತ್ತು, ಮರಾಠಿಗೆ ನಾಗರಿ. ದೂರದಿಂದ ಬಂದ ಯಾತ್ರಿಕ ತನ್ನ ಅಕ್ಷರದಲ್ಲೇ ಆ ಹೆಸರನ್ನು ಓದಿಕೊಳ್ಳಬಹುದಿತ್ತು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹದಿನಾರು ಸಾಲಿನ ಶಾಸನವನ್ನೂ ಹೊಯ್ಸಳರ ಕಾಲದ ದುಂಡು ಬರಹವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕನ್ನಡದ ಒಂದೇ ಅಕ್ಷರ ಎಷ್ಟು ರೂಪ ತಾಳಬಲ್ಲದು ಎಂಬುದು ಕಾಣುತ್ತದೆ. ಲೋಗೊ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ ಪತ್ರಿಕೆಯ ಅಗತ್ಯವೇ ಬೇರೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ, ಕೊಂಡು ಓದುವವರನ್ನೇ ನಂಬಿತ್ತು. ಹಾಸನದ ಬಾನು ಮುಷ್ತಾಕ್ ಅದಕ್ಕೆ ವರದಿಗಾರ್ತಿಯಾಗಿದ್ದರು. ಬಸ್ಸಿಗೆ ಓಡುವವರ ಕಣ್ಣಿಗೂ ಬೀಳಬೇಕಾದ ಇಂಥ ಪತ್ರಿಕೆಯ ಹೆಸರಿನಲ್ಲಿ ಬಳ್ಳಿಬಳುಕು ಇದ್ದರೆ ನಷ್ಟ. ಅರಕಲಗೂಡಿನ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಗಾರರಿಗೆಂದು ಪತ್ರಿಕೆ ತರುವವರಿಗೂ ಈ ಮಾತು ಸಲ್ಲುತ್ತದೆ.

ಇಂದು ಫಾಂಟುಗಳ ಆಯ್ಕೆಗೆ ಬರವಿಲ್ಲ. ಮುಂಬಯಿಯ ಏಕ್ ಟೈಪ್‌ನವರ ‘ಬಾಲೂ ತಮ್ಮ’ ದಪ್ಪ, ದುಂಡು. ಮಕ್ಕಳ ಪತ್ರಿಕೆಗೆ ಹೇಳಿ ಮಾಡಿಸಿದಂತಿದೆ. ಅವರದೇ ‘ಅನೇಕ್ ಕನ್ನಡ’ವನ್ನು ಇಕ್ಕಟ್ಟಾಗಿಯೂ ಅಗಲವಾಗಿಯೂ ಬಳಸಬಹುದು, ಉದ್ದ ಹೆಸರಿಗೆ ಅನುಕೂಲ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗೆಂದು ಆರಂಭವಾದ ಅಕ್ಷರಮಾಲೆಯಿಂದ ಬಂದ ‘ಟೀರೊ ಕನ್ನಡ’ ಗಂಭೀರ ಓದಿನದು. ಮೂರೂ ಉಚಿತ. ಆದರೆ ಫಾಂಟಿನಲ್ಲಿ ಹೆಸರನ್ನು ಟೈಪಿಸಿ ಹಾಗೇ ಇಟ್ಟರೆ ಅದು ಲೋಗೊ ಆಗುವುದಿಲ್ಲ. ಅಕ್ಷರಗಳ ನಡುವಿನ ಜಾಗ ಸರಿಪಡಿಸಬೇಕು, ಒತ್ತುಗಳನ್ನು ಕೈಯಾರೆ ತಿದ್ದಬೇಕು, ಕೊನೆಗೆ ಇಡೀ ಹೆಸರನ್ನು ಚಿತ್ರರೂಪಕ್ಕೆ ತರಬೇಕು. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೆಸರು ಬೇರೆಯದೇ ಮುಖ ತೊಡುತ್ತದೆ.

ಇನ್ನೊಂದು ಪರೀಕ್ಷೆ ಅಚ್ಚಿನ ಮನೆಯದು. ‘ಸುಧಾ’, ‘ಅಧ್ಯಾತ್ಮ’, ಹಾಸನದ ದಿನಪತ್ರಿಕೆ ‘ಜನತಾ ಮಾಧ್ಯಮ’ ಮೂರರಲ್ಲೂ ‘ಧ’ ಇದೆ. ಮೇಷ್ಟರು ‘ಹೊಟ್ಟೆ ಸೀಳಬೇಕು’ ಎಂದು ಕಲಿಸುವ ಅಕ್ಷರ ಅದು. ತೀರಾ ದಪ್ಪ ಫಾಂಟಿನಲ್ಲಿ ಆ ಸೀಳು ಕೂದಲೆಳೆಯಷ್ಟಾಗುತ್ತದೆ. ನ್ಯೂಸ್‌ಪ್ರಿಂಟಿನಲ್ಲಿ ಶಾಯಿ ಹರಡಿತೆಂದರೆ ‘ಧ’ ಹೋಗಿ ‘ದ’ ಆಗುತ್ತದೆ. ಹಾಗಾಗಿ ಹೆಸರನ್ನು ಪರದೆಯ ಮೇಲೆ ಒಪ್ಪುವ ಮುನ್ನ, ಪತ್ರಿಕೆ ಅಚ್ಚಾಗುವ ಕಾಗದದ ಮೇಲೇ ಒಮ್ಮೆ, ಅತಿ ಚಿಕ್ಕ ಅಳತೆಯಲ್ಲಿ, ತೆಗೆದು ನೋಡಬೇಕು.